ಹೊಸದಾಗಿಸದೆ ಸರಿಪಡಿಸುವುದು: ಒಂದು 1952ರ ಪಿಕಪ್ಪಿನ ಕೆಲಸ

ಹಳೆಯ ವಾಹನ ಇಟ್ಟುಕೊಂಡವರಿಗೆ ನೋಡುವವರೆಲ್ಲ ಮೊದಲು ಕೇಳುವ ಮಾತು ‘ಪೇಂಟ್ ಯಾವಾಗ ಮಾಡಿಸುತ್ತೀರಿ’ ಎಂಬುದು. ನನ್ನ ಬಳಿ ಇರುವುದು 1952ರ ಷೆವರ್ಲೆ 3100, ಅಂದರೆ ಅರ್ಧ ಟನ್ ವರ್ಗದ ಪಿಕಪ್. ಅದರ ಎಂಜಿನ್, ಬ್ರೇಕು, ವೈರಿಂಗು ಎಲ್ಲವನ್ನೂ ಬಿಚ್ಚಿ ಸರಿಪಡಿಸಿದ್ದೇನೆ. ಆದರೆ ಹೊರಮೈಗೆ ಹೊಸ ಬಣ್ಣ ಹೊಡೆಸಿಲ್ಲ, ಹೊಡೆಸುವ ಉದ್ದೇಶವೂ ಇಲ್ಲ. ಹಣ ಸಾಲದೆ ಬಿಟ್ಟಿರಬೇಕೆಂದು ಕೆಲವರು ಅಂದುಕೊಳ್ಳುತ್ತಾರೆ, ಸೋಮಾರಿತನವೆಂದು ಇನ್ನು ಕೆಲವರು ನೇರವಾಗಿಯೇ ಹೇಳುತ್ತಾರೆ. ನಿಜ ಹೇಳಬೇಕೆಂದರೆ, ಎಲ್ಲವನ್ನೂ ಕೆರೆದು ಹೊಸದಾಗಿ ಮಾಡುವುದಕ್ಕಿಂತ ಇರುವುದನ್ನು ಉಳಿಸಿಕೊಂಡು ದುರಸ್ತಿ ಮಾಡುವುದು ನಿಧಾನದ ಕೆಲಸ. ಇಲ್ಲಿ ಒಂದೊಂದು ತಗಡಿನ ಮುಂದೆಯೂ ಕುಳಿತು, ಇದನ್ನು ಉಳಿಸುವುದೋ ಬದಲಿಸುವುದೋ ಎಂದು ಬೇರೆಬೇರೆಯಾಗಿಯೇ ತೀರ್ಮಾನಿಸಬೇಕಾಗುತ್ತದೆ.

1947ರ ಮಧ್ಯಭಾಗದಲ್ಲಿ ಹೊರಬಂದು 1955ರ ಆರಂಭದವರೆಗೆ ತಯಾರಾದ ಈ ಪೀಳಿಗೆಗೆ ಷೆವರ್ಲೆ ಇಟ್ಟಿದ್ದ ಹೆಸರು ‘ಅಡ್ವಾನ್ಸ್ ಡಿಸೈನ್’. ದುಂಡನೆಯ ಕ್ಯಾಬ್, ಅಡ್ಡಪಟ್ಟಿಗಳ ಗ್ರಿಲ್, ಉಬ್ಬಿದ ಮಡ್‌ಗಾರ್ಡುಗಳು ಇವುಗಳಿಂದ ದೂರದಿಂದಲೇ ಗುರುತು ಸಿಗುತ್ತದೆ. ದೂರದಿಂದ ನೋಡಿದರೆ ಆ ಅವಧಿಯ ವಾಹನಗಳೆಲ್ಲ ಒಂದೇ ಎನಿಸಿದರೂ ಒಳಗೆ ವರ್ಷದಿಂದ ವರ್ಷಕ್ಕೆ ಬದಲಾವಣೆಗಳಿವೆ: ಪೆಟ್ರೋಲ್ ಟ್ಯಾಂಕು 1949ರಲ್ಲಿ ಕ್ಯಾಬಿನೊಳಗೆ ಸೀಟಿನ ಹಿಂದಕ್ಕೆ ಬಂದಿತು, 1951ರಲ್ಲಿ ಬಾಗಿಲಿಗೆ ಗಾಳಿಗಾಗಿ ತಿರುಗುವ ಸಣ್ಣ ಗಾಜು ಸೇರಿತು, 1954ರಲ್ಲಿ ಎರಡು ತುಂಡಿನ ಮುಂಗಾಜು ಒಂದೇ ತುಂಡಾಯಿತು, ಗ್ರಿಲ್ಲಿನ ಆಕಾರವೂ ಬದಲಾಯಿತು. ಈ ಪೀಳಿಗೆಗೆ ಬೇಕಾದ ಹೊಸ ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ತಯಾರಾಗುತ್ತಿರುವುದು ಅನುಕೂಲವೂ ಹೌದು, ಅಪಾಯವೂ ಹೌದು. ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುತ್ತಾ ಹೋದರೆ ಕೊನೆಗೆ ಯಾವ ವರ್ಷದ್ದೂ ಅಲ್ಲದ ಒಂದು ವಾಹನ ನಿಂತಿರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕ್ರೋಮ್. ಕೊರಿಯಾ ಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ತಾಮ್ರ, ನಿಕಲ್, ಕ್ರೋಮಿಯಂಗಳ ಬಳಕೆಗೆ ನಿರ್ಬಂಧವಿದ್ದುದರಿಂದ, ಆ ವೇಳೆಯ ಪಿಕಪ್ಪುಗಳಲ್ಲಿ ಹೊಳೆಯುವ ಭಾಗಗಳು ಬಹುಮಟ್ಟಿಗೆ ಮಾಯವಾಗಿ ಅವುಗಳ ಜಾಗಕ್ಕೆ ಬಣ್ಣ ಬಳಿದ ಭಾಗಗಳು ಬಂದವು. ಹೀಗಿದ್ದರೂ ಇಂದು ‘ಮೂಲರೂಪಕ್ಕೆ ತಂದ’ 1952ರ ಪಿಕಪ್ ಎಂದು ತೋರಿಸುವ ಎಷ್ಟೋ ವಾಹನಗಳಲ್ಲಿ ಗ್ರಿಲ್ಲು, ಬಂಪರು, ಹಬ್‌ಕ್ಯಾಪುಗಳೆಲ್ಲ ಕನ್ನಡಿಯಂತೆ ಹೊಳೆಯುತ್ತವೆ. ಅದು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಆ ವರ್ಷದ ಕಾರ್ಖಾನೆಯ ಬಾಗಿಲಿನಿಂದ ಅಂಥದ್ದು ಹೊರಬಂದಿರಲಿಲ್ಲ. ನನ್ನದರ ಗ್ರಿಲ್ಲಿನ ಪಟ್ಟಿಗಳಲ್ಲಿ ಮೂಲ ಬಣ್ಣ ಅರ್ಧಕ್ಕರ್ಧ ಮಾತ್ರ ಉಳಿದಿದೆ. ಅದನ್ನು ತೊಳೆದು ಮೇಣ ಹಚ್ಚಿ ಹಾಗೆಯೇ ಬಿಟ್ಟಿದ್ದೇನೆ.

ಕೆಲಸಕ್ಕೆ ಕೈಹಾಕುವ ಮೊದಲು ನಡೆಯಬೇಕಾದದ್ದು ದಾಖಲೆ. ಬಾಗಿಲ ಕಂಬದ ಮೇಲಿನ ಸಂಖ್ಯಾಫಲಕವನ್ನು ಯಾವ ಕಾರಣಕ್ಕೂ ಬಿಚ್ಚಬಾರದು, ಅದರ ಮೇಲೆ ಬಣ್ಣ ಹೊಡೆಯಲೂ ಬಾರದು. ಎಂಜಿನ್ ಬ್ಲಾಕಿನ ಮೇಲೆ ಎರಕದ ದಿನಾಂಕ ಉಬ್ಬಕ್ಷರದಲ್ಲಿರುತ್ತದೆ. ಷೆವರ್ಲೆ ಎಂಜಿನ್ನುಗಳಲ್ಲಿ ತಿಂಗಳನ್ನು ಇಂಗ್ಲಿಷ್ ವರ್ಣಮಾಲೆಯ ಮೊದಲ ಹನ್ನೆರಡು ಅಕ್ಷರಗಳಲ್ಲೊಂದು ಸೂಚಿಸುತ್ತದೆ, ಅದರ ಪಕ್ಕದಲ್ಲಿ ದಿನ, ನಂತರ ವರ್ಷದ ಕೊನೆಯ ಅಂಕೆ. ಎರಕದ ದಿನಾಂಕವು ವಾಹನ ತಯಾರಾದ ಕಾಲಕ್ಕಿಂತ ಸ್ವಲ್ಪ ಹಿಂದಿನದಾಗಿದ್ದರೆ ಎಂಜಿನ್ ಅದರದ್ದೇ ಇರಬಹುದು. ಆಮೇಲಿನದಾಗಿದ್ದರೆ ನಡುವೆ ಯಾರೋ ಬದಲಿಸಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಭಾಗವಾರು ಚೀಲಗಳಲ್ಲಿ ಹಾಕಿ ಚೀಟಿ ಅಂಟಿಸುವುದು, ಬಿಚ್ಚುವ ಮುನ್ನ ಎಲ್ಲ ಕೋನಗಳಿಂದ ಫೋಟೊ ತೆಗೆಯುವುದು, ವೈರು ಹಾದುಹೋಗುವ ದಾರಿಯನ್ನು ಗೆರೆಚಿತ್ರವಾಗಿ ಬರೆದುಕೊಳ್ಳುವುದು ಇವೆಲ್ಲ ಬೇಸರದ ಕೆಲಸಗಳೇ ಸರಿ, ಆದರೆ ಇವುಗಳನ್ನು ಬಿಟ್ಟರೆ ಮುಂದೆ ‘ಇದು ಮೊದಲು ಹೇಗಿತ್ತು’ ಎಂಬ ಪ್ರಶ್ನೆಗೆ ಊಹೆಯೊಂದೇ ಉತ್ತರವಾಗುತ್ತದೆ. 1966ರಲ್ಲಿ ಸ್ಥಾಪನೆಯಾದ ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’, ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದಿನ ಜಾಡಿನಲ್ಲಿಯೇ 2012ರಲ್ಲಿ ಟ್ಯೂರಿನ್ ಸನ್ನದನ್ನು ರೂಪಿಸಿತು. ಹಳೆಯದನ್ನು ಆದಷ್ಟು ಕಡಿಮೆ ಮುಟ್ಟಬೇಕು, ಮುಟ್ಟಿದ್ದನ್ನು ದಾಖಲಿಸಬೇಕು ಎಂಬ ಅದರ ಧೋರಣೆ ಕಲ್ಲಿನ ದೇವಾಲಯಕ್ಕೆ ಹೊಂದುವಷ್ಟೇ ತಗಡಿನ ಪಿಕಪ್ಪಿಗೂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಬಣ್ಣದ ವಿಷಯ. ನನಗೆ ಸಿಕ್ಕಾಗ ವಾಹನ ಪೂರ್ತಿ ಕೆಂಪಾಗಿತ್ತು. ಹಳೆಯ ಪಿಕಪ್ ಎಂದ ಕೂಡಲೇ ಕೆಂಪು ಬಳಿಯುವ ಈ ವ್ಯಾಮೋಹ ಎಲ್ಲಿಂದ ಬಂತೋ ಕಾಣೆ. ಮೂಲ ಬಣ್ಣ ತಿಳಿಯಬೇಕಾದರೆ ಯಾರೂ ಕೆರೆಯದ ಜಾಗಗಳನ್ನು ಹುಡುಕಬೇಕು: ಸೀಟಿನ ಹಿಂಬದಿಯ ಗೋಡೆ, ಬಾಗಿಲಿನ ಕೀಲುಗಳ ಒಳಮೈ, ಡ್ಯಾಶ್‌ಬೋರ್ಡಿನ ತಳ. ಅಲ್ಲೆಲ್ಲ ಕಂಡದ್ದು ‘ಫಾರೆಸ್ಟ್ ಗ್ರೀನ್’, ಅಂದರೆ ಆ ವರ್ಷಗಳಲ್ಲಿ ಷೆವರ್ಲೆ ಪಿಕಪ್ಪುಗಳಿಗೆ ಸಾಮಾನ್ಯವಾಗಿ ಬರುತ್ತಿದ್ದ ಗಾಢ ಹಸಿರು. ಬಾಗಿಲ ಮೇಲೆ ಒಂದು ಸಣ್ಣ ಜಾಗವನ್ನು ಗುಂಡಗೆ, ಅಂಚಿಗೆ ಇಳಿಜಾರಾಗುವಂತೆ ಉಜ್ಜಿದಾಗ ಪದರಗಳು ಒಂದರೊಳಗೊಂದು ಬಳೆಗಳಾಗಿ ತೋರಿದವು: ಹೊರಗೆ ಕೆಂಪು, ಅದರೊಳಗೆ ಬೂದುಬಣ್ಣದ ಪ್ರೈಮರ್, ಅದಕ್ಕೂ ಒಳಗೆ ಹಸಿರು, ನಡುವೆ ತಗಡಿನ ಬಿಳುಪು. ಹಸಿರು ಮತ್ತು ಬೂದು ಪದರಗಳ ನಡುವೆ, ಒಂದು ಕಡೆ ಮಾತ್ರ, ಉಗುರಿನಷ್ಟು ಅಗಲದ ಕೆನೆಬಣ್ಣವೂ ಇಣುಕಿತು. ಇಡೀ ಬಾಗಿಲಿಗೆ ಬಳಿದ ಬಣ್ಣವಾಗಿದ್ದರೆ ಅದು ಸುತ್ತಲೂ ಕಾಣಬೇಕಿತ್ತು. ಒಂದೇ ಕಡೆ ಕಂಡದ್ದರಿಂದ ಅದು ಬಾಗಿಲ ಮೇಲೆ ಬರೆಸಿದ್ದ ಹೆಸರಿನಂಥ ಬರಹವೇ ಇರಬೇಕು ಎನಿಸಿತು.

ಅಲ್ಲಿಂದ ಮುಂದೆ ಉಜ್ಜುವ ಯಂತ್ರವನ್ನು ಬದಿಗಿಟ್ಟು ಕೈಯಲ್ಲೇ ಕೆಲಸ ನಡೆಸಬೇಕಾಯಿತು. ಸಾವಿರ ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಿನಲ್ಲಿ ನೆನೆಸಿ, ಹಿಂದೆ ಮರದ ತುಂಡಿಡದೆ, ಎರಡು ಬೆರಳಿನ ಒತ್ತಡದಲ್ಲಿ ಮಾತ್ರ ಉಜ್ಜಿ, ಆಗಾಗ ಒರೆಸಿ ನೋಡಿ, ಮತ್ತೆ ಉಜ್ಜುವುದು. ಕೆಂಪು ನೀರು ಇಳಿದು ಬೂದು ನೀರು ಇಳಿಯತೊಡಗಿದಾಗ ಕೈಯ ಭಾರವನ್ನು ಇನ್ನೂ ಕಡಿಮೆ ಮಾಡಬೇಕು, ಏಕೆಂದರೆ ಅಕ್ಷರದ ಬಣ್ಣ ತೆಳುವಾದದ್ದು, ಹೆಚ್ಚೆಂದರೆ ಕುಂಚದ ಒಂದೆರಡು ಬಳಿತ. ಕೆಲವು ಕಡೆ ಕೆನೆಬಣ್ಣ ಪೂರ್ತಿ ಅಳಿದುಹೋಗಿದ್ದರೂ ಅದರ ಅಡಿಯ ಹಸಿರು ಸುತ್ತಲಿನ ಹಸಿರಿಗಿಂತ ಕಪ್ಪಾಗಿ ಕಾಣುತ್ತಿತ್ತು. ಬರಹವಿದ್ದ ಜಾಗಕ್ಕೆ ವರ್ಷಗಟ್ಟಲೆ ಬಿಸಿಲು ತಾಗದಿದ್ದುದರಿಂದ ಅಕ್ಷರ ಹೋದರೂ ಅದರ ನೆರಳು ಉಳಿದಿತ್ತು. ಕಮಾನಿನ ಆಕಾರದಲ್ಲಿ ಬರೆದ ಒಂದು ಸಾಲು, ಅದರ ಕೆಳಗೆ ನೇರವಾದ ಇನ್ನೊಂದು ಸಾಲು ಹೀಗೆ ಹೊರಬಂದವು. ಹೆಸರು ಪೂರ್ತಿಯಾಗಿ ಓದಲು ಬರುವುದಿಲ್ಲ. ಒಂದು ಅಕ್ಷರದ ಬಾಲದ ತುದಿಯಲ್ಲಿ ಬರೆದವನು ಕುಂಚವನ್ನು ತಿರುಚಿ ಎತ್ತಿದ ಗುರುತು, ಕೂದಲೆಳೆಯಷ್ಟು ಸಣ್ಣ ಗೀರುಗಳೊಂದಿಗೆ ಹಾಗೆಯೇ ಇದೆ. ಆ ಬಾಗಿಲನ್ನು ಮರಳು ಸಿಡಿಸಿ ಸ್ವಚ್ಛಗೊಳಿಸಿದ್ದರೆ ಕೆಲವೇ ನಿಮಿಷಗಳಲ್ಲಿ ಇದೆಲ್ಲ ಧೂಳಾಗಿರುತ್ತಿತ್ತು. ಅಂದಹಾಗೆ, ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಆದ್ದರಿಂದ ಬಣ್ಣವನ್ನು ನೀರಿಲ್ಲದೆ ಎಂದೂ ಉಜ್ಜಬಾರದು. ನೀರು ಹಾಕಿ ಉಜ್ಜಿದರೂ ಮುಖವಾಡ ಇರಲೇಬೇಕು, ಇಳಿದ ಕೆಸರನ್ನು ಮಣ್ಣಿಗೆ ಬಿಡಬಾರದು.

ಬರಹ ಕಂಡ ಮೇಲೆ ಉಳಿದ ತೀರ್ಮಾನಗಳು ಸುಲಭವಾದವು. ಚಾಲಕನ ಕಡೆಯ ಕಿಟಕಿಯ ಅಂಚಿನಲ್ಲಿ ಮೊಣಕೈ ಊರಿ ಊರಿ ಬಣ್ಣ ಸವೆದು ತಗಡು ನುಣುಪಾಗಿದೆ. ಹಿಂದಿನ ತೊಟ್ಟಿಯ ಎರಡೂ ಬದಿಗಳಲ್ಲಿ ಟೈಲ್‌ಗೇಟಿನ ಸರಪಳಿ ತೂಗಾಡಿ ಕೊರೆದ ಕಮಾನುಗಳಿವೆ. ತೊಟ್ಟಿಯ ಒಳಗೋಡೆಯ ತಗ್ಗುಗಳಂತೂ ಭಾರವಾದ ಸಾಮಾನುಗಳನ್ನು ಎಸೆದದ್ದಕ್ಕೇ ಸಾಕ್ಷಿ. ಇವೆಲ್ಲ ದುಡಿದ ವಾಹನದ ಗುರುತುಗಳು, ಇವುಗಳಿಂದ ವಾಹನಕ್ಕೆ ಯಾವ ಹಾನಿಯೂ ಇಲ್ಲ. ತುಕ್ಕು ಹಾಗಲ್ಲ, ಅದು ತಿನ್ನುತ್ತಲೇ ಹೋಗುತ್ತದೆ. ಆದ್ದರಿಂದ ಸವೆತವನ್ನು ಬಿಡುವುದು, ಕೊಳೆತವನ್ನು ತಡೆಯುವುದು ಎಂಬ ಗೆರೆಯನ್ನು ಎಳೆದುಕೊಂಡೆ.

ಈ ಕ್ಯಾಬುಗಳು ಎಲ್ಲಿ ಕೊಳೆಯುತ್ತವೆ ಎಂಬುದು ಹೆಚ್ಚು ಕಡಿಮೆ ನಿಗದಿಯಾಗಿಯೇ ಇದೆ: ಹಿಂದಿನ ಎರಡು ಕೆಳಮೂಲೆಗಳು, ಬಾಗಿಲ ಕೆಳಗಿನ ಹೊಸ್ತಿಲು, ಕಾಲಿಡುವ ಜಾಗದ ನೆಲ. ಕಿಟಕಿಯ ಹಳೆಯ ರಬ್ಬರಿನಿಂದ ಸೋರಿದ ನೀರು ಎರಡು ಪದರ ತಗಡಿನ ನಡುವೆ ಇಳಿದು ಮೂಲೆಯಲ್ಲಿ ನಿಲ್ಲುತ್ತದೆ; ಅಲ್ಲಿ ಧೂಳೂ ಕಸವೂ ಸೇರಿ ಕೆಸರಾಗಿ, ನೀರು ಹೊರಹೋಗುವ ರಂಧ್ರವನ್ನು ಮುಚ್ಚಿದರೆ ತಗಡು ಒಳಗಿನಿಂದ ಹೊರಕ್ಕೆ ಕೊಳೆಯುತ್ತದೆ. ನನ್ನ ವಾಹನದ ಎಡಮೂಲೆಯಲ್ಲಿ ಹಿಂದೆ ಯಾರೋ ರಂಧ್ರದೊಳಗೆ ಕಾಗದ ತುರುಕಿ, ಮೇಲೆ ಗಟ್ಟಿಯಾಗಿ ಪುಟ್ಟಿ ಮೆತ್ತಿ ಕೆಂಪು ಬಳಿದಿದ್ದರು. ಪುಟ್ಟಿ ಇದೆಯೋ ಇಲ್ಲವೋ ತಿಳಿಯಲು ಸಣ್ಣ ಅಯಸ್ಕಾಂತವೊಂದು ಸಾಕು: ತಗಡಿದ್ದಲ್ಲಿ ಗಪ್ಪನೆ ಹಿಡಿಯುತ್ತದೆ, ಪುಟ್ಟಿ ಇದ್ದಲ್ಲಿ ಜಾರಿ ಬೀಳುತ್ತದೆ.

ಮೂಲೆಗೆ ಸಿದ್ಧ ತಗಡಿನ ತುಂಡು ಸಿಗುತ್ತದಾದರೂ ಅದನ್ನು ಇಡಿಯಾಗಿ ಹಾಕಲಿಲ್ಲ. ಕೊಳೆತ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಮಾತ್ರ ಕತ್ತರಿಸಿ, ಅಷ್ಟೇ ಅಳತೆಯ ತುಂಡನ್ನು ಅಂಚಿಗೆ ಅಂಚು ಕೂಡಿಸಿ ವೆಲ್ಡ್ ಮಾಡಿದೆ. ಒಂದರ ಮೇಲೊಂದು ಹೊದಿಸಿ ಕೂಡಿಸುವುದು ಸುಲಭ, ಆದರೆ ಹಾಗೆ ಮಾಡಿದರೆ ಎರಡು ತಗಡಿನ ಸಂದಿಯಲ್ಲಿ ನೀರು ನಿಂತು ಅದೇ ರೋಗ ಮತ್ತೆ ಶುರುವಾಗುತ್ತದೆ. ತೆಳು ತಗಡಿಗೆ ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾವಿಗೆ ಸೊಟ್ಟಗಾಗುವುದರಿಂದ, ದೂರದೂರಕ್ಕೆ ಚುಕ್ಕೆಗಳನ್ನಿಟ್ಟು, ತಣಿಯಲು ಬಿಟ್ಟು, ನಡುವಿನ ಜಾಗವನ್ನು ಸ್ವಲ್ಪಸ್ವಲ್ಪವಾಗಿ ತುಂಬಬೇಕು. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಕಡೆ ಮೇಲಿನ ತಗಡಿಗೆ ರಂಧ್ರ ಕೊರೆದು ಅದರ ಮೂಲಕ ಅಡಿಯ ತಗಡಿಗೆ ವೆಲ್ಡ್ ತುಂಬಿದರೆ ಹೆಚ್ಚುಕಡಿಮೆ ಅದೇ ರೂಪ ಬರುತ್ತದೆ. ಹೊಸ ತುಂಡಿಗೆ ಹಸಿರು ಬಣ್ಣವನ್ನು ಮಂದವಾಗಿ ಬಳಿದಿದ್ದೇನೆಯೇ ಹೊರತು ಅದನ್ನು ಹಳೆಯದೆಂದು ತೋರಿಸುವ ನಾಟಕ ಮಾಡಿಲ್ಲ. ಹತ್ತಿರ ಬಂದು ನೋಡಿದವರಿಗೆ ಹೊಸದು ಯಾವುದು ಎಂದು ತಿಳಿಯಬೇಕು. ರಾಸಾಯನಿಕ ಹಚ್ಚಿ ಕೃತಕವಾಗಿ ತುಕ್ಕು ಬರಿಸಿ ‘ಹಳೆಯ ಕಳೆ’ ತರುವವರೂ ಇದ್ದಾರೆ. ಹೊಳೆಯುವ ಕೆಂಪಿಗಿಂತಲೂ ಅದು ನನಗೆ ಹೆಚ್ಚು ಸುಳ್ಳೆನಿಸುತ್ತದೆ.

ಬಿಚ್ಚಿ ತೆಗೆಯಬಹುದಾದ ಸಣ್ಣ ಭಾಗಗಳ ತುಕ್ಕಿಗೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ಕರೆಂಟು ಹಾಯಿಸುವ ವಿಧಾನ ಉತ್ತಮ. ತುಕ್ಕು ಹಿಡಿದ ಭಾಗಕ್ಕೆ ನೆಗೆಟಿವ್, ಎದುರಿನ ಗುಜರಿ ಕಬ್ಬಿಣಕ್ಕೆ ಪಾಸಿಟಿವ್ ಕೊಡಬೇಕು. ಆ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಇಟ್ಟರೆ ವಿಷಕಾರಿ ಕ್ರೋಮಿಯಂ ಸಂಯುಕ್ತಗಳು ನೀರಿಗೆ ಬಿಡುತ್ತವೆ. ಹೈಡ್ರೋಜನ್ ಹೊರಬರುವುದರಿಂದ ಗಾಳಿಯಾಡುವ ಜಾಗವೇ ಆಗಬೇಕು. ಹೊರಮೈಗೆ ಕಾಯಿಸಿದ ಅಗಸೆ ಎಣ್ಣೆ ಹಚ್ಚುವ ಪದ್ಧತಿಯೂ ಇದೆ, ಆದರೆ ಅದು ಬಹುಕಾಲ ಜಿಗುಟಾಗಿಯೇ ಉಳಿದು ಧೂಳು ಹಿಡಿಯುವುದರಿಂದ ನಾನು ಮೇಣವನ್ನೇ ಆರಿಸಿಕೊಂಡೆ. ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ತನ್ನಷ್ಟಕ್ಕೆ ಕಾವು ಏರಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ.

ಎಂಜಿನ್ ವಿಷಯದಲ್ಲಿ ಒತ್ತಡ ಬಂದದ್ದು ಬೇರೆ ದಿಕ್ಕಿನಿಂದ. 216.5 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ, ಆರು ಸಿಲಿಂಡರಿನ ಈ ಎಂಜಿನ್ನನ್ನು ತೆಗೆದು ಎಂಟು ಸಿಲಿಂಡರಿನ ಹೊಸ ವಿ-8 ಕೂರಿಸಿಬಿಡಿ ಎಂಬ ಸಲಹೆಯನ್ನು ತಿಳಿದವರೇ ಕೊಡುತ್ತಾರೆ. ಅವರ ತಕರಾರಿನ ಮೂಲ ಇದರ ಆಯಿಲ್ ವ್ಯವಸ್ಥೆ. ಈ ಎಂಜಿನ್ನಿನಲ್ಲಿ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಪಂಪಿನ ಒತ್ತಡದ ಆಯಿಲ್ ಕ್ರ್ಯಾಂಕಿನೊಳಗಿನಿಂದ ಬರುವುದಿಲ್ಲ. ರಾಡಿನ ತಳದಲ್ಲಿರುವ ಸಣ್ಣ ಸೌಟಿನಂಥ ಭಾಗ, ಕೆಳಗಿನ ತೊಟ್ಟಿಯಿಂದಲೂ ಚಿಮ್ಮುವ ಧಾರೆಯಿಂದಲೂ ಆಯಿಲನ್ನು ತಾನೇ ಮೊಗೆದುಕೊಳ್ಳುತ್ತದೆ. ಆದ್ದರಿಂದ ಆಯಿಲ್ ಒತ್ತಡದ ಮೀಟರಿನ ಮುಳ್ಳು ಯಾವಾಗಲೂ ಕೆಳಮಟ್ಟದಲ್ಲೇ ಇರುತ್ತದೆ, ಅದರ ಅಂಕೆಗಳೇ 30ಕ್ಕೆ ಮುಗಿಯುತ್ತವೆ. ಅದನ್ನು ನೋಡಿ ಎಂಜಿನ್ ಹೋಯಿತೆಂದು ಗಾಬರಿಪಡುವವರಿದ್ದಾರೆ. ವೈಟ್ ಮೆಟಲ್ ಎಂಬ ಮೆದು ಮಿಶ್ರಲೋಹದ ಎರಕದ ಬೇರಿಂಗುಗಳು ಸವೆದಾಗ ನಡುವೆ ಇಟ್ಟ ತೆಳು ತಗಡಿನ ಶಿಮ್‌ಗಳನ್ನು ತೆಗೆದು ಸಂದನ್ನು ಸರಿಹೊಂದಿಸಬಹುದು ಎಂಬುದು ಇದೇ ವಿನ್ಯಾಸದ ಅನುಕೂಲ. ಅವಸರದ ವೇಗಕ್ಕೆ ಈ ಎಂಜಿನ್ ಹೇಳಿ ಮಾಡಿಸಿದ್ದಲ್ಲ, ಹಿಂದಿನ ಆಕ್ಸಲಿನ 4.11 ಅನುಪಾತವೂ (ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟ್ 4.11 ಸುತ್ತು ಬರಬೇಕು) ಭಾರ ಎಳೆಯಲು ಮಾಡಿದ್ದೇ ಹೊರತು ಹೆದ್ದಾರಿಯಲ್ಲಿ ಓಡಲು ಅಲ್ಲ. ಗೇರುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋ ಮೊದಲ ಗೇರಿಗೆ ಇಲ್ಲದ್ದರಿಂದ ಚಲಿಸುತ್ತಿರುವಾಗ ಅದಕ್ಕೆ ಇಳಿಯಲು ಎರಡು ಸಲ ಕ್ಲಚ್ ಒತ್ತಬೇಕು. ಈ ನಿಧಾನ, ಈ ಲಯ, ತಗ್ಗಿದ ಸದ್ದಿನ ಎಳೆತ ಇವನ್ನೆಲ್ಲ ತೆಗೆದುಹಾಕಿ ತಗಡನ್ನು ಮಾತ್ರ ಉಳಿಸಿಕೊಂಡರೆ, ಮೂಲದ ಸ್ವಭಾವ ಉಳಿಯಿತೆಂದು ಹೇಳಲು ನನಗೆ ಮನಸ್ಸು ಬಾರದು.

ಆರು ವೋಲ್ಟಿನ ವಿದ್ಯುತ್ ವ್ಯವಸ್ಥೆಗೂ ಇಂಥದೇ ಕೆಟ್ಟ ಹೆಸರಿದೆ, ಅದರಲ್ಲಿ ಮುಕ್ಕಾಲು ಪಾಲು ಅನ್ಯಾಯದ್ದು. 45 ವಾಟಿನ ಹೆಡ್‌ಲೈಟಿಗೆ ಹನ್ನೆರಡು ವೋಲ್ಟಿನಲ್ಲಿ 3.75 ಆಂಪಿಯರ್ ಸಾಕು, ಆರು ವೋಲ್ಟಿನಲ್ಲಿ 7.5 ಆಂಪಿಯರ್ ಬೇಕು. ಕರೆಂಟು ಇಮ್ಮಡಿಯಾದರೆ ಅದೇ ತಂತಿಯಲ್ಲಿ ಶಾಖವಾಗಿ ಪೋಲಾಗುವುದು ನಾಲ್ಮಡಿ. ಇದರ ಅರಿವಿಲ್ಲದೆ ಇಂದಿನ ತೆಳು ಬ್ಯಾಟರಿ ಕೇಬಲನ್ನು ಹಾಕಿ, ಸ್ಟಾರ್ಟರ್ ಮೆಲ್ಲಗೆ ತಿರುಗುತ್ತದೆ, ದೀಪ ಮಂಕು ಎಂದು ಬೈದು ಹನ್ನೆರಡು ವೋಲ್ಟಿಗೆ ಬದಲಿಸುತ್ತಾರೆ. ಹೆಬ್ಬೆರಳು ದಪ್ಪದ ಕೇಬಲ್ ಹಾಕಿ, ಅರ್ಥ್ ಕೂರುವ ಕಡೆಗಳಲ್ಲಿ ಬಣ್ಣ ಕೆರೆದು ಹೊಳೆಯುವ ತಗಡಿಗೆ ಬಿಗಿದ ಮೇಲೆ ನನ್ನದರ ಸ್ಟಾರ್ಟರ್ ತಕ್ಷಣ ತಿರುಗುತ್ತದೆ. ವೈರಿಂಗ್ ಮಾತ್ರ ಪೂರ್ತಿ ಹೊಸದು. ಹಳೆಯದರ ಬಟ್ಟೆಯ ಹೊದಿಕೆ ಮುಟ್ಟಿದರೆ ಪುಡಿಯಾಗುತ್ತಿತ್ತು, ಪೆಟ್ರೋಲ್ ಟ್ಯಾಂಕು ಬೆನ್ನ ಹಿಂದೆಯೇ ಇರುವ ಕ್ಯಾಬಿನಲ್ಲಿ ಅಂಥ ತಂತಿಯನ್ನು ಹಳೆಯದೆಂಬ ಕಾರಣಕ್ಕೆ ಉಳಿಸಿಕೊಳ್ಳುವುದು ಅವಿವೇಕ. ಇದೇ ಕಾರಣಕ್ಕೆ ಎಥನಾಲ್ ಬೆರೆತ ಪೆಟ್ರೋಲಿಗೆ ತಡೆಯುವ ಹೊಸ ರಬ್ಬರ್ ಪೈಪನ್ನೂ ಫ್ಯೂಯೆಲ್ ಪಂಪಿನ ಡಯಾಫ್ರಮ್ಮನ್ನೂ ಹಾಕಿದ್ದೇನೆ.

ಮೂಲದಿಂದ ತಿಳಿದೇ ದೂರ ಸರಿದ ಒಂದು ಜಾಗ ಬ್ರೇಕು. ಕಾರ್ಖಾನೆ ಕೊಟ್ಟದ್ದು ನಾಲ್ಕೂ ಚಕ್ರಗಳಿಗೆ ಒಂದೇ ಕೊಳವೆ ಜಾಲ. ಎಲ್ಲಿ ಒಂದು ಕಡೆ ಒಡೆದರೂ ಪೆಡಲ್ ನೆಲಕ್ಕೆ ಕೂರುತ್ತದೆ. ಡ್ರಮ್ಮುಗಳನ್ನು ಹಾಗೆಯೇ ಉಳಿಸಿಕೊಂಡು, ಕ್ಯಾಬಿನ ನೆಲದಡಿಯಲ್ಲಿ ಹಳೆಯ ಜಾಗದ ಹತ್ತಿರವೇ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ದಾರಿಯಿರುವ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ದ್ರವವನ್ನು ಕೊಳವೆಗಳಿಗೆ ತಳ್ಳುವ ಭಾಗ, ಕೂರಿಸಿದೆ. ಚಾಸಿಯಲ್ಲಿ ಹೊಸ ರಂಧ್ರ ಕೊರೆಯದೆ, ಇದ್ದ ಬೋಲ್ಟುಗಳಿಗೇ ಬ್ರಾಕೆಟ್ ಮಾಡಿಸಿ ಹಾಕಿರುವುದರಿಂದ ನಾಳೆ ಯಾರಾದರೂ ಮೂಲದ್ದನ್ನೇ ಹಾಕಲು ಬಯಸಿದರೆ ಅಡ್ಡಿಯಿಲ್ಲ; ಹಳೆಯ ಸಿಲಿಂಡರನ್ನು ಎಣ್ಣೆ ಸವರಿ ಕಟ್ಟಿಟ್ಟಿದ್ದೇನೆ. ಸೀಟ್ ಬೆಲ್ಟಿಗೂ ಇದೇ ಕ್ರಮ ಅನುಸರಿಸಲು ನೋಡಿದೆ, ಆದರೆ ಅಲ್ಲಿ ರಂಧ್ರ ಕೊರೆಯದೆ ಬೇರೆ ದಾರಿ ಇರಲಿಲ್ಲ, ಕೊರೆದೆ. ಜೀವದ ಪ್ರಶ್ನೆ ಬಂದಾಗ ತಗಡಿನ ಮೂಲತನದ ಬಗ್ಗೆ ಚೌಕಾಸಿ ಮಾಡಬಾರದು. ಹಳೆಯ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟುಗಳ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಅದನ್ನು ಗಾಳಿ ಊದಿ ತೆಗೆಯದೆ, ಒದ್ದೆ ಬಟ್ಟೆಯಲ್ಲಿಯೇ ಒರೆಸಬೇಕು.

ತೊಟ್ಟಿಯ ನೆಲದ ಹಲಗೆಗಳು ಪೂರ್ತಿ ಹೋಗಿದ್ದವು. ಪ್ರದರ್ಶನಗಳಲ್ಲಿ ಕಾಣುವ, ವಾರ್ನಿಷ್ ಬಳಿದು ಊಟದ ಮೇಜಿನಂತೆ ಹೊಳೆಯಿಸಿದ ಓಕ್ ನೆಲ ಇಂದಿನವರ ಅಭಿರುಚಿ. ಷೆವರ್ಲೆ ಹಾಕುತ್ತಿದ್ದುದು ಪೈನ್ ಹಲಗೆ. ಅದೇ ಜಾತಿಯ ಮರವನ್ನು ಹಾಕಿ, ಹಲಗೆಗಳ ನಡುವೆ ಹಳೆಯ ಉಕ್ಕಿನ ಪಟ್ಟಿಗಳನ್ನೇ ತಟ್ಟಿ ನೇರಮಾಡಿ ಕೂರಿಸಿದ್ದೇನೆ. ಮಳೆಯಲ್ಲಿ ಮರ ಉಬ್ಬಲು ಎಡೆಯಿರಲೆಂದು ಬಿಟ್ಟ ಸಂದುಗಳನ್ನು ಮುಚ್ಚಿಲ್ಲ.

ಈಗ ಕೈಯಲ್ಲಿರುವುದು ವೈಪರ್ ಕೆಲಸ. ಇದರ ವೈಪರ್ ಓಡುವುದು ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತದಿಂದ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಿರ್ವಾತ ಕುಸಿದು, ನೀರು ಒರೆಸಲೇಬೇಕಾದ ಹೊತ್ತಿನಲ್ಲಿಯೇ ಕಡ್ಡಿಗಳು ನಿಂತುಬಿಡುತ್ತವೆ. ವಿದ್ಯುತ್ ಮೋಟರು ಹಾಕಿಸುವುದು ಸುಲಭವಾದರೂ, ಹಳೆಯ ಮೋಟರಿನೊಳಗಿನ ಅಲಗಿನ ಅಂಚಿಗೆ ಹೊಸ ಸೀಲು ಹಾಕಿ, ಒಳಗೋಡೆಯ ಗಟ್ಟಿಗ್ರೀಸನ್ನು ತೊಳೆದು, ಬಿರಿದ ರಬ್ಬರ್ ಕೊಳವೆಯನ್ನು ಬದಲಿಸಿದರೆ ಎಷ್ಟರಮಟ್ಟಿಗೆ ಓಡುತ್ತದೆ ಎಂಬುದನ್ನು ಮೊದಲು ನೋಡುವ ಯೋಚನೆಯಿದೆ. ಅದು ಮುಗಿಯುವವರೆಗೆ ಮೋಡ ಕವಿದ ದಿನ ಪಿಕಪ್ ಹೊರಗೆ ತೆಗೆಯುತ್ತಿಲ್ಲ.